ರಘುಪತಿಯವರ ಹೆಸರಲ್ಲಿ ಬಂದ ಉತ್ತರ

"ರಘುಪತಿಯವರು ಇದಾರಾ? ನಾನು ವಿಶ್ರುತ, ಬೇಲಾಪುರದ ಆಫೀಸಿನಿಂದ. ಆಫೀಸಿಗೆ ತಿಂಡಿ ಬೇಕಾದಾಗೆಲ್ಲ ಅವರಿಗೇ ಮೇಲ್ ಮಾಡೋದು."

ನೆರುಳ್ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಚಿಲ್ಲರೆ ಎಣಿಸುತ್ತಿದ್ದ ವಾರಿಜಾಳ ಕೈ ಅಲ್ಲೇ ನಿಂತಿತು. ವಿಶ್ರುತ ಅವಳ ಹಿಂದಿನ ಗೋಡೆ ನೋಡಿದ. ಗಂಧದ ಹಾರ ಹಾಕಿದ ಫೋಟೋ, ಕೆಳಗೆ ಹೆಸರು. ಅವನ ಮುಖ ಬಿಳಿಚಿತು.

"ನಿನ್ನೆ ಕೂಡ ಮೇಲ್ ಬಂದಿತ್ತಲ್ಲ..."

"ಬರೆದದ್ದು ನಾನು, ಅವರ ಹೆಂಡತಿ. ಅಕೌಂಟ್ ಅವರದ್ದು."

"ಹಾಗಾದ್ರೆ ಇಡ್ಲಿ ಗಟ್ಟಿ ಅಂದಿದ್ದಕ್ಕೆ 'ನಿಮ್ಮ ಹಲ್ಲು ಹೇಗುಂಟು' ಅಂತ ಕೇಳಿದ್ದು?"

"ನಾನೇ."

"ಸದ್ಯ! ಒಬ್ಬ ಗಂಡಸಿನ ಮೇಲ್‌ಗೆ ಇಷ್ಟು ಕಾಯ್ತೀನಲ್ಲ ಅಂತ ನನಗೇ ಗಾಬರಿಯಾಗಿತ್ತು ಮೇಡಂ."

ಅವಳು ತಲೆ ತಗ್ಗಿಸಿದಳು. ನಗು ಮಾತ್ರ ತಗ್ಗಲಿಲ್ಲ.

ಆಮೇಲೆ ಅವನು ಕಾಫಿಯ ನೆವದಲ್ಲಿ ಬರತೊಡಗಿದ. "ನಿಮ್ಮದೇ ಒಂದು ಅಕೌಂಟ್ ಮಾಡ್ಕೊಳ್ಳಿ" ಎಂದರೆ ವಾರಿಜಾ ಮಾತು ಮರೆಸುತ್ತಿದ್ದಳು. ಸತ್ತವರ ಹೆಸರಿಗೆ ಇನ್ನೂ 'ಡಿಯರ್ ರಘುಪತಿ' ಎಂದು ಮೇಲ್ ಬರುತ್ತಿತ್ತು. ಉತ್ತರ ಬರೆಯುವಾಗ ಹಿಂದಿನಿಂದ ಯಾರೋ ಬಗ್ಗಿ ಓದಿದಂತಾಗುತ್ತಿತ್ತು. ಅವಳಿಗೆ ಅದು ಭಯವಲ್ಲ, ಜೊತೆ.

ಒಂದು ಸಂಜೆ ಬಾಯಿಬಿಟ್ಟಳು. "ನನ್ನ ಹೆಸರು ಹಾಕಿದ್ರೆ, ಅವರು ಕಳಿಸಿದ್ದೆಲ್ಲ ಅಳಿಸಿ ಹೋಗ್ಲಿಕ್ಕಿಲ್ವಾ?"

ವಿಶ್ರುತ ಈ ಸಲ ತಮಾಷೆ ಮಾಡಲಿಲ್ಲ. "ಇಲ್ಲ. ಒಮ್ಮೆ ಕಳಿಸಿದ ಮೇಲ್ ಪಡೆದವರ ಇನ್‌ಬಾಕ್ಸ್‌ನಲ್ಲಿ ಹಾಗೇ ಇರುತ್ತೆ, ಅವರ ಹೆಸರಲ್ಲೇ. ಹಳೇ ಅಕೌಂಟೂ ಇರಲಿ. ಹೊಸದರ ಪಾಸ್‌ವರ್ಡ್ ನೀವೇ ಹಾಕಿ, ನನಗೂ ಹೇಳ್ಬೇಡಿ. ಕಳಿಸೋ ಮುಂಚೆ From ಜಾಗದಲ್ಲಿ ಯಾರ ಹೆಸರಿದೆ ನೋಡ್ಕೊಂಡ್ರೆ ಸಾಕು."

ಅವನು ಕಿಟಕಿಯತ್ತ ತಿರುಗಿ ನಿಂತ. ಅವಳು ಪಾಸ್‌ವರ್ಡ್ ಹಾಕಿದಳು.

ಶನಿವಾರ ಅವನ ಮೇಲ್ ಬಂತು. 'ನಾಳೆ ಅಂಬರನಾಥದ ಶಿವನ ಗುಡಿಗೆ ಬರ್ತೀರಾ? ತಿಂಡಿ ಆರ್ಡರ್ ಅಲ್ಲ. ನನ್ನ ಜೊತೆ, ಮುಂದೆಯೂ ಜೊತೆಗಿರೋದು ಯೋಚಿಸೋಕೆ.'

ವಾರಿಜಾ ಮನಸ್ಸು ಹಿಂಜರಿಯುವ ಮೊದಲೇ ಬರೆದು ಕಳಿಸಿದಳು: 'ಬರ್ತೇನೆ. ನೀಲಿ ಶರ್ಟ್ ಹಾಕಿ.'

ಅರ್ಧ ಗಂಟೆಯಲ್ಲಿ ಅವನೇ ಎದುರು ನಿಂತು ಮೊಬೈಲ್ ಚಾಚಿದ. ಅಭ್ಯಾಸಬಲದಿಂದ ಅವನು ಬರೆದದ್ದು ಹಳೆಯ ವಿಳಾಸಕ್ಕೆ. ಅಲ್ಲಿಂದಲೇ ಉತ್ತರ ಹೋಗಿತ್ತು. 'ಬರ್ತೇನೆ' ಎಂಬುದರ ಮೇಲೆ ರಘುಪತಿ ಎಂಬ ಹೆಸರು.

ವಾರಿಜಾ ಗೋಡೆಯ ಫೋಟೋದತ್ತ ತಿರುಗಿದಳು.

"ರಘುಪತಿಯವರು ಒಪ್ಪಿದಾರೆ" ಎಂದ ವಿಶ್ರುತ ಮೆಲ್ಲಗೆ. "ನೀವು?"

ಅವಳು ಆ ಹೆಸರನ್ನು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿತು.

"ಅವರು ಹಾಗೆಯೇ. ನಾನು ಯೋಚಿಸ್ತಾ ಕೂತಿದ್ರೆ, ಅವರು ಮೊದಲೇ ಒಪ್ಪಿಬಿಡ್ತಿದ್ರು."

ಅವನು ಕಾದ.

"ಅಂಬರನಾಥಕ್ಕೆ ಥಾಣೆಯಲ್ಲಿ ಟ್ರೇನ್ ಬದಲಿಸ್ಲಿಕ್ಕುಂಟು ಮಾರಾಯ್ರೆ" ಎಂದಳು ಸೆರಗಿನಿಂದ ಕಣ್ಣೊರೆಸಿ. "ಬೆಳಿಗ್ಗೆ ಬೇಗ ಬನ್ನಿ."