ತಾಮ್ರದ ಎಳೆಗೆ ಟೈಲರ್ ಗಂಟು

"ಮೊನ್ನೆ ತಾನೇ ಸರಿ ಮಾಡಿಕೊಟ್ರಿ... ಮತ್ತೆ ಒಂದು ಕಡೆ ಹಾಡು ಕೇಳ್ತಿಲ್ಲ."

ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಎದುರು ಅಂಗಡಿಯ ಟೈಲರ್ ತಲೆ ತಗ್ಗಿಸಿ ನಿಂತ. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

ರಿಪೇರಿ ಮೇಜಿನ ಹಿಂದೆ ಕೂತಿದ್ದ ಅವಳ ಎದೆ ಧಸಕ್ಕೆಂದಿತು. ಅವನು ಬಂದದ್ದಕ್ಕೋ, ಹೆಡ್‌ಫೋನ್ ವಾಪಸ್ ಬಂದದ್ದಕ್ಕೋ, ಅವಳಿಗೇ ತಿಳಿಯಲಿಲ್ಲ.

ರಿಪೇರಿ ಅಂಗಡಿ ಅವಳ ಸೋದರಮಾವನದು. "ಇನ್ನೊಂದು ಸಲ ನಿನ್ನ ಕೆಲಸ ವಾಪಸ್ ಬಂದ್ರೆ ಈ ಮೇಜು ಬಿಟ್ಟು ಮುಂದೆ ಚಾರ್ಜರ್ ಮಾರೋಕೆ ಕೂರಬೇಕು ಅಂದಿದ್ದೆ. ನೆನಪಿದೆಯಾ ಪುಟ್ಟಿ?" ಎಂದ ಮಾವ.

ನೆನಪಿಲ್ಲದೆ ಏನು! ಈ ಮೇಜಿಗಾಗಿ ಅವಳು ಮನೆಯಲ್ಲಿ ಎಷ್ಟು ಹಟ ಹಿಡಿದಿದ್ದಳು.

"ತಾಳು ಮಾವ, ಬಿಚ್ಚಿ ನೋಡ್ತೀನಿ."

ಸ್ಕ್ರೂ ಕಳಚಿ ಭೂತಗನ್ನಡಿ ಎಳೆದುಕೊಂಡಳು. ಒಳಗೆ ಕೂದಲೆಳೆಯಂಥ ತಾಮ್ರದ ತಂತಿ... ಅರೆ, ಇದೇನಿದು?

ಅವಳ ಬೆಸುಗೆ ಹಾಗೇ ಇತ್ತು. ಅದರ ಪಕ್ಕದಲ್ಲಿ ತಂತಿ ತುಂಡಾಗಿತ್ತು. ತುಂಡಾದ ಎರಡು ತುದಿಗಳನ್ನು ಯಾರೋ ಗಂಟು ಹಾಕಿದ್ದರು! ಅದೂ ಎಂಥ ಗಂಟು... ಸಾಸಿವೆ ಕಾಳಿಗಿಂತ ಚಿಕ್ಕದು, ಬಲು ಅಚ್ಚುಕಟ್ಟು. ಇಷ್ಟು ಸಣ್ಣ ಎಳೆಯನ್ನು ಹೀಗೆ ಕಟ್ಟಬಲ್ಲ ಬೆರಳು ಯಾರದು?

ಮೆಲ್ಲಗೆ ತಲೆಯೆತ್ತಿದಳು. ಟೈಲರ್ ಗೋಡೆ ನೋಡುತ್ತಿದ್ದ. ಅವಳಿಗೆ ಸಿಟ್ಟೂ ಬಂತು, ಆ ಗಂಟಿನ ಮೇಲೆ ಮುದ್ದೂ ಬಂತು.

"ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲದಿದ್ರೆ ಬೇರೆ ಕಡೆ ಕೊಡಬೇಕಿತ್ತು. ಯಾಕೆ ಬಿಚ್ಚಿದ್ರಿ?"

"ಅಯ್ಯೋ, ಹಾಗಲ್ಲ ರೀ..." ಅವನು ಮಾವನ ಕಡೆ ತಿರುಗಿದ. "ಅಣ್ಣಾ, ತಪ್ಪು ನಂದು, ಇವರದಲ್ಲ. ನೂಲಿಗಿಂತ ಸಣ್ಣ ತಂತೀನ ಹೇಗೆ ಸೇರಿಸಿದ್ದಾರೆ ಅಂತ ನೋಡೋ ಆಸೆ ಆಯ್ತು. ಹೊಲಿಗೆ ಗಟ್ಟಿ ಇದೆಯಾ ಅಂತ ಎಳೆದು ನೋಡೋ ಅಭ್ಯಾಸ ನಮಗೆ... ಎಳೆದೆ, ಕಿತ್ಕೊಂಡು ಬಂತು. ಗಂಟು ಹಾಕಿದೆ."

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಸದ್ಯ, ಕಾಜಾ ಮಾಡಿ ಗುಂಡಿ ಹಚ್ಚಲಿಲ್ವಲ್ಲ ಮಾರಾಯ! ಮೇಜು ನಿಂದೇ ಕಣೇ ಪುಟ್ಟಿ," ಎನ್ನುತ್ತ ಒಳಗೆ ಹೋದ.

ಅವಳು ಹೋದ ಜೀವ ಬಂದಂತೆ ಉಸಿರು ಬಿಟ್ಟಳು. "ಬನ್ನಿ, ಹತ್ತಿರ ಬಂದು ನೋಡಿ. ಈ ತಂತಿಗೆ ಮೈತುಂಬ ವಾರ್ನಿಷ್ ಬಳಿದಿರ್ತಾರೆ. ಅದನ್ನ ಸುಡದೆ ಎಷ್ಟು ಗಂಟು ಹಾಕಿದ್ರೂ ಕರೆಂಟ್ ದಾಟಲ್ಲ."

ಗಂಟನ್ನು ಕತ್ತರಿಸಿ ತೆಗೆದಳು. ಬೆಸುಗೆ ಹಾಕುವ ಕಾದ ಐರನ್ ತಾಗಿದ್ದೇ ತಡ, ಸಣ್ಣ ಹೊಗೆಯೆದ್ದು ತಂತಿಯ ತುದಿ ಬೆಸುಗೆ ಹತ್ತಿ ಬೆಳ್ಳಗೆ ಹೊಳೆಯಿತು. ಪಕ್ಕದಲ್ಲಿ ಬಾಗಿದ್ದವನು ಉಸಿರು ಬಿಗಿಹಿಡಿದಿದ್ದ. ಅವಳು ಎರಡು ತುದಿಗಳನ್ನೂ ಸೇರಿಸಿ ಬೆಸೆದಳು.

ಹೆಡ್‌ಫೋನ್ ಮತ್ತೆ ಹಾಡತೊಡಗಿತು.

"ನನ್ನನ್ನೇ ಕೇಳಿದ್ರೆ ತೋರಿಸ್ತಿದ್ದೆನಲ್ಲ?"

"ಕೇಳಿದ್ರೆ ಒಂದು ಸಲ ತೋರಿಸಿ ಕಳಿಸಿಬಿಡ್ತಿದ್ರಿ. ನನಗೆ ದಿನಾ ನೋಡಬೇಕು ಅನ್ಸುತ್ತೆ..."

"ತಂತೀನಾ?"

"ನಿಮ್ಮನ್ನ."

ಅವಳ ಮುಖ ಕೆಂಪಾಯಿತು. ಎಸೆಯಬೇಕಿದ್ದ ಆ ಪುಟ್ಟ ಗಂಟನ್ನು ಚಿಮಟದಲ್ಲಿ ಎತ್ತಿ ತನ್ನ ಡಬ್ಬಿಯೊಳಗಿಟ್ಟಳು. ಅವನು ಅದನ್ನು ನೋಡಿಬಿಟ್ಟ.

"ಹಾಗಿದ್ರೆ... ನಾಳೆ ಬರಲಾ?"

"ಬನ್ನಿ," ಎಂದಳು ಅವಳು. "ಏನನ್ನೂ ಮುರೀದೆ ಬನ್ನಿ."