ಬೀರುವಿನೊಳಗೆ ಹತ್ತಿದ ಬೆಂಕಿ

ಗುರುವಾರ ಬೆಳಿಗ್ಗೆ ಹನ್ನೊಂದೂವರೆಗೆ ಸಿಟಿ ಬಸ್ಸಿನ ಡ್ರೈವರಮ್ಮ ಸಮವಸ್ತ್ರದಲ್ಲೇ ಠಾಣೆಯ ಮೆಟ್ಟಿಲು ಹತ್ತಿದಳು. ಏದುಸಿರು ಬಿಡುತ್ತಿದ್ದಳು. ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮನೆಗೆ ಯಾರೋ ಬೆಂಕಿ ಹಚ್ಚಿದಾರೆ ಮೇಡಂ. ನನ್ನ ಗಂಡ ಆಸ್ಪತ್ರೇಲಿದಾರೆ. ಎರಡೂ ಕೈ ಸುಟ್ಟಿದೆ."

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ."

"ಆಗದವರು?"

"ನನ್ನ ತಮ್ಮನಿಗೆ ಅವರನ್ನ ಕಂಡ್ರಾಗಲ್ಲ. ಆದ್ರೆ ಅವನಲ್ಲ."

"ಅವನಲ್ಲ ಅಂತ ಹೇಗೆ ಹೇಳ್ತೀರಿ?"

ಡ್ರೈವರಮ್ಮ ಮಾತಾಡಲಿಲ್ಲ. ಹನ್ನೆರಡು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರ್ ಇಂಥ ಮೌನಗಳನ್ನು ಬೇಕಾದಷ್ಟು ಕಂಡಿದ್ದಳು. ಇದು ತಮ್ಮನನ್ನು ಕಾಪಾಡುವ ಅಕ್ಕನ ಮೌನ ಎಂದುಕೊಂಡಳು. ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು.

ಮನೆ ಮೂರನೆಯ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ. ದೊಡ್ಡ ಕೋಣೆಯ ಗೋಡೆ ಮೇಲಿಂದ ಕೆಳಗಿನವರೆಗೆ ಕಪ್ಪಗಾಗಿ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದ ಮನೆಯ ಇಬ್ಬರನ್ನು ಪಂಚರನ್ನಾಗಿ ಕರೆದು ಪಂಚನಾಮೆ ಶುರುಮಾಡಿದರು. ಬಾಗಿಲಿನ ಬೀಗ ಮುರಿದಿರಲಿಲ್ಲ. ಅಗ್ನಿಶಾಮಕ ದಳದ ಅಧಿಕಾರಿ ಬೀರುವಿನ ಬಾಗಿಲನ್ನು ಬೂಟಿನ ತುದಿಯಿಂದ ಸರಿಸಿದ.

"ಬೆಂಕಿ ಹುಟ್ಟಿದ್ದು ಇದರೊಳಗೇ. ಪೇಂಟಿಗೆ ಹಾಕೋ ಥಿನ್ನರ್ ವಾಸನೆ ಬರ್ತಿದೆ ನೋಡಿ."

ಬೀರುವಿನಲ್ಲಿ ಉಳಿದಿದ್ದು ಕರಗಿದ ಪ್ಲಾಸ್ಟಿಕ್ ಫೈಲು, ಮುಕ್ಕಾಲು ಸುಟ್ಟ ಪಾಸ್‌ಪೋರ್ಟು, ಒಂದಕ್ಕೊಂದು ಅಂಟಿಕೊಂಡ ಮದುವೆಯ ಫೋಟೊಗಳು. ಎಲ್ಲರೂ 'ಉದ್ದಣ್ಣ' ಎಂದು ಕರೆಯುವ ಹೆಡ್ ಕಾನ್‌ಸ್ಟೇಬಲ್ ಬಗ್ಗಿ ನೋಡಿದ.

"ಒಡವೆ ಡಬ್ಬ ಅಡುಗೆಮನೇಲಿ ಹಾಗೇ ಇದೆ ಮೇಡಂ. ಬಂದವನಿಗೆ ಕಾಗದದ ಮೇಲೇ ಕಣ್ಣು."

ಆ ಕಾಗದಗಳ ಕತೆಯನ್ನು ಪಕ್ಕದ ಮನೆಯವಳೇ ಹೇಳಿದಳು. ಡ್ರೈವರಮ್ಮ ಈ ದೇಶದವಳು, ಗಂಡ ಹೊರದೇಶದವನು, ವಯಸ್ಸಿನಲ್ಲಿ ಎಂಟು ವರ್ಷ ಚಿಕ್ಕವನು. ಅವಳೇ ಸ್ಪಾನ್ಸರ್ ಆಗಿ ಅವನನ್ನು ಕರೆಸಿಕೊಂಡಿದ್ದಳು. ಸದ್ಯ ತಾತ್ಕಾಲಿಕ ಪರವಾನಗಿಯ ಮೇಲೆ ಬೇಕರಿಯಲ್ಲಿ ಕೆಲಸ. ಬರುವ ಸೋಮವಾರ ವಲಸೆ ಕಚೇರಿಯಲ್ಲಿ ಇಬ್ಬರ ಸಂದರ್ಶನ. ಮದುವೆ ನಿಜವೆಂದು ಅಧಿಕಾರಿಗಳಿಗೆ ಮನವರಿಕೆಯಾದರೆ ಅವನಿಗೆ ಕಾಯಂ ವಾಸದ ಪರವಾನಗಿ. ಅಸಲು ಕಾಗದಗಳನ್ನೆಲ್ಲ ತರಬೇಕಿತ್ತು.

ಮೊಬೈಲ್ ರಿಪೇರಿ ಅಂಗಡಿಯ ತಮ್ಮನನ್ನು ಒಂದು ಗಂಟೆಗೆ ಠಾಣೆಗೆ ಕರೆತಂದರು. ಮನೆಯ ಇನ್ನೊಂದು ಬೀಗದ ಕೈ ಅವನ ಜೇಬಿನಲ್ಲೇ ಇತ್ತು.

"ಭಾವನನ್ನ ಗಂಟುಮೂಟೆ ಸಮೇತ ಸುಟ್ಟುಹಾಕ್ತೀನಿ ಅಂದಿದ್ದೆಯಂತೆ?"

"ಬಾಯಿಮಾತಿಗೆ ಅಂದಿದ್ದು. ಅವನನ್ನ ಭಾವ ಅನ್ನೋಕೆ ನನ್ನ ನಾಲಿಗೆ ಹೊರಳಲ್ಲ ಮೇಡಂ. ಪರ್ಮನೆಂಟ್ ಆದ ಮಾರನೇ ದಿನ ಕೈಕೊಟ್ಟು ಹೋಗ್ತಾನೆ ನೋಡಕ್ಕ ಅಂತ ಬಡ್ಕೊಂಡೆ. ಡಿಪೋದಲ್ಲೂ ಎಲ್ಲರೂ ಅದನ್ನೇ ಹೇಳ್ತಾರೆ."

"ಬೆಂಕಿ ಹತ್ತಿದಾಗ, ಹತ್ತೂವರೆಗೆ ಎಲ್ಲಿದ್ದೆ?"

"ಅಂಗಡೀಲಿ. ಒಬ್ಬನೇ."

ಮೇಲಧಿಕಾರಿಯಿಂದ ಫೋನ್ ಬಂತು: ಬೀಗದ ಕೈ ಇದೆ, ಬೆದರಿಕೆ ಇದೆ, ಇನ್ನೇನು ಬೇಕು, ಸಂಜೆಯೊಳಗೆ ಮುಗಿಸಿ. ಇನ್ಸ್‌ಪೆಕ್ಟರ್ "ಆಯ್ತು ಸರ್" ಎಂದು ಫೋನಿಟ್ಟು ಆಸ್ಪತ್ರೆಯ ದಾರಿ ಹಿಡಿದಳು.

ಬೇಕರಿಯವನ ಎರಡೂ ಕೈ ಮೊಣಕೈವರೆಗೆ ಬ್ಯಾಂಡೇಜಿನಲ್ಲಿದ್ದವು. ಜ್ವರವಿತ್ತೆಂದು ಕೆಲಸದಿಂದ ಬೇಗ ಬಂದು, ಚಿಕ್ಕ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದೆ ಎಂದ. ಹೊಗೆಗೆ ಎಚ್ಚರವಾಗಿ, ಫೈಲು ಎಳೆಯಲು ಕೈ ಹಾಕಿದ್ದ.

"ಮೇಡಂ, ಅಮ್ಮನ ಶಾಲು ಉಳೀತಾ? ನೀಲಿ ಉಣ್ಣೇದು, ಮೂಲೇಲಿ ಕೆಂಪು ದಾರದ ಹೊಲಿಗೆ ಇದೆ. ಅಮ್ಮಂದು ಅಂತ ನನ್ನ ಹತ್ರ ಇರೋದು ಅದೊಂದೇ. ಬೀರೂಲೇ ಇತ್ತು."

"ನೋಡ್ತೀವಿ. ನಿಮ್ಮ ಭಾಮೈದನನ್ನ ಠಾಣೇಲಿ ಕೂರಿಸಿದೀವಿ."

ಅವನು ಗಕ್ಕನೆ ತಲೆಯೆತ್ತಿದ. "ಅವನನ್ನ ಬಿಟ್ಬಿಡಿ. ಬೆಂಕಿ ಹಚ್ಚಿದ್ದು ನಾನೇ."

"ಯಾಕೆ?"

"ಸುಮ್ಮನೆ."

"ಸುಮ್ಮನೆ ಯಾರಾದ್ರೂ ತಮ್ಮ ಪಾಸ್‌ಪೋರ್ಟ್ ತಾವೇ ಸುಟ್ಕೋತಾರೇನ್ರೀ? ಸುಟ್ಟು, ಮತ್ತೆ ಉಳಿಸೋಕೆ ಕೈ ಹಾಕ್ತಾರಾ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ.

"ಇದನ್ನ ಬರ್ಕೊಂಡ್ರೆ ನಿಮಗೇನಾಗುತ್ತೆ ಗೊತ್ತಾ?"

"ಗೊತ್ತು. ವಾಪಸ್ ಕಳಿಸ್ತಾರೆ. ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ಹೊರಗೆ ಬಂದು ಜೀಪು ಹತ್ತಿದಳು. ಭಾಮೈದನೆಂದರೆ ಮುಖ ಸಿಂಡರಿಸಬೇಕಾದವನು ತೊಟ್ಟ ಬಟ್ಟೆಯಲ್ಲೇ ದೇಶ ಬಿಡಲು ಸಿದ್ಧನಾಗಿದ್ದ. ಇವನು ಕಾಪಾಡುತ್ತಿರುವುದು ಭಾಮೈದನನ್ನಲ್ಲ.

"ಉದ್ದಣ್ಣ, ಬೀರುವಲ್ಲಿ ಉಣ್ಣೆ ಸುಟ್ಟ ಗುರುತಿತ್ತಾ?"

"ಇರ್ಲಿಲ್ಲ ಮೇಡಂ. ಉಣ್ಣೆ ಸುಟ್ರೆ ಕೂದಲು ಸುಟ್ಟ ಹಾಗೆ ನಾರುತ್ತೆ. ಮೂಗು ಮುಚ್ಕೋಬೇಕಾಗ್ತಿತ್ತು."

"ಹಾಗಾದ್ರೆ ಶಾಲನ್ನ ಯಾರೋ ಮೊದಲೇ ತೆಗೆದಿಟ್ಟಿದಾರೆ. ಡಿಪೋಗೆ ನಡಿ."

ಡಿಪೋದ ಕಂಟ್ರೋಲರ್ ತಲೆ ಕೆರೆದುಕೊಂಡ. ಡ್ರೈವರಮ್ಮ ಇವತ್ತು ತಾನಾಗಿ ಕೇಳಿ ಬೇರೆ ಮಾರ್ಗ ಹಾಕಿಸಿಕೊಂಡಿದ್ದಳು. ಅದರ ಕೊನೆಯ ನಿಲ್ದಾಣ ಅವಳ ಮನೆಯ ಹಿಂದಿನ ಬೀದಿ. ಹತ್ತೂಕಾಲಿಗೆ ಬಸ್ಸು ಅಲ್ಲಿ ನಿಂತಿದೆ, ಹೊರಟಿದ್ದು ತಡವಾಗಿ. ಪ್ರಯಾಣಿಕರು ಗಲಾಟೆ ಮಾಡಿದ್ದರಂತೆ. ಇಬ್ಬರು ನೌಕರರ ಎದುರಿನಲ್ಲಿ ಅವಳ ಲಾಕರ್ ತೆಗೆಸಿದರು. ಊಟದ ಡಬ್ಬಿ, ಬಾಚಣಿಗೆ. ಅದರ ಹಿಂದೆ ಮಡಿಸಿಟ್ಟ ನೀಲಿ ಶಾಲು. ಮೂಲೆಯಲ್ಲಿ ಕೆಂಪು ಹೊಲಿಗೆ.

ಅದನ್ನು ಕೈಗೆತ್ತಿಕೊಂಡಾಗ ಇನ್ಸ್‌ಪೆಕ್ಟರಿಗೆ ಗೆದ್ದ ಖುಷಿಯೇನೂ ಆಗಲಿಲ್ಲ.

ಸಂಜೆ ಐದಕ್ಕೆ ಡ್ರೈವರಮ್ಮನನ್ನು ಠಾಣೆಯ ಒಳಕೋಣೆಯಲ್ಲಿ ಕೂರಿಸಿ, ಶಾಲನ್ನು ಮೇಜಿನ ಮೇಲಿಟ್ಟಳು.

"ಇದು ನಿಮ್ಮ ಲಾಕರಿಗೆ ಹೇಗೆ ಬಂತು?"

"ಒಗೆಯೋಕೆ ಕೊಡೋಣ ಅಂತ ತಂದಿದ್ದೆ."

"ಇವತ್ತೇ?"

ಡ್ರೈವರಮ್ಮ ಶಾಲಿನ ಮಡಿಕೆ ಸರಿಪಡಿಸಿದಳು.

"ನಿಮ್ಮ ಯಜಮಾನರು ಬೆಂಕಿ ನಾನೇ ಹಚ್ಚಿದ್ದು ಅಂತ ಹೇಳಿಕೆ ಕೊಟ್ಟಿದಾರೆ. ಅರ್ಜಿ ಅಲ್ಲಿಗೆ ಮುಗೀತು. ಕೈ ವಾಸಿಯಾದ ಮೇಲೆ ವಿಮಾನ ಹತ್ತಿಸ್ತಾರೆ."

ಡ್ರೈವರಮ್ಮ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. "ಸುಳ್ಳು."

"ಯಾವುದು ಸುಳ್ಳು?"

"ಅವರು ಹಚ್ಚಿದ್ದು. ನಾನು ಹಚ್ಚಿದ್ದು ಮೇಡಂ, ನಾನು! ಅವರು ಮನೇಲಿದಾರೆ ಅಂತ ದೇವರಾಣೆ ಗೊತ್ತಿರ್ಲಿಲ್ಲ. ಬಾಗಿಲ ಹತ್ರ ಅವರ ಚಪ್ಪಲಿ ಇತ್ತೇನೋ, ನನ್ನ ಕಣ್ಣಿಗೆ ಏನೂ ಕಾಣ್ತಿರ್ಲಿಲ್ಲ."

"ಯಾಕೆ ಹಚ್ಚಿದ್ರಿ?"

ಅವಳು ಬಹಳ ಹೊತ್ತು ಅತ್ತಳು. ಉದ್ದಣ್ಣ ನೀರಿನ ಲೋಟ ಮುಂದಿಟ್ಟ.

"ಎಲ್ಲರೂ ಹೇಳಿದ್ದನ್ನೇ ಹೇಳಿ ಹೇಳಿ ನನ್ನ ತಲೇಲಿ ಹುಳ ಬಿಟ್ರು. ಪರ್ಮನೆಂಟ್ ಸಿಕ್ಕ ಮೇಲೆ ಈ ಮುದುಕಿ ಜೊತೆ ಯಾಕಿರ್ತಾನೆ ಅಂತ. ಸ್ಪಾನ್ಸರ್ ವಾಪಸ್ ತಗೊಳ್ಳೋಕೆ ಮನಸ್ಸು ಬರ್ಲಿಲ್ಲ. ಕಾಗದ ಇಲ್ದಿದ್ರೆ ಹೊಸದಾಗಿ ತರಿಸ್ಬೇಕು, ಇನ್ನೊಂದಾರು ತಿಂಗಳು ಹಿಡಿಯುತ್ತೆ. ಅಷ್ಟು ದಿನ ಆದ್ರೂ ನನ್ನ ಜೊತೆ ಇರ್ತಾರಲ್ಲ ಅಂತ..."

"ಶಾಲು?"

"ಅದು ಅವರ ಅಮ್ಮಂದು. ಅದನ್ನ ಹೇಗೆ ಸುಡ್ಲಿ?"

ಆರು ಗಂಟೆಗೆ ಬಂಧನ ದಾಖಲಾಯಿತು. ತಮ್ಮನನ್ನು ಬಿಟ್ಟು ಕಳಿಸಿದರು. ಅವನು ಬಾಗಿಲಲ್ಲಿ ನಿಂತು "ಅಕ್ಕಾ" ಎಂದ. ಅವಳು ತಿರುಗಿ ನೋಡಲಿಲ್ಲ.

ಬೇಕರಿಯವನ ಸುಳ್ಳು ಹೇಳಿಕೆ ಸರಿಪಡಿಸಲು ಇನ್ಸ್‌ಪೆಕ್ಟರ್ ಮತ್ತೆ ಆಸ್ಪತ್ರೆಗೆ ಹೋದಳು. ಈ ಸಲ ಅವನು ಮುಚ್ಚಿಡಲಿಲ್ಲ. ಕಿಟಕಿ ತೆರೆದಾಗ ಕೆಳಗೆ ಓಡುತ್ತಿದ್ದ ಹೆಂಡತಿಯ ಖಾಕಿ ಬೆನ್ನನ್ನು ಕಂಡಿದ್ದ.

"ನನ್ನ ಮೇಲೆ ಬೇಜಾರಿತ್ತಾ ಅವಳಿಗೆ?"

"ಬೇಜಾರಲ್ಲ. ಪರ್ಮನೆಂಟ್ ಆದ ಮೇಲೆ ನೀವು ಬಿಟ್ಟು ಹೋಗ್ತೀರಿ ಅಂತ ಹೆದರಿಕೊಂಡಿದ್ರು. ಆರು ತಿಂಗಳು ಮುಂದಕ್ಕೆ ಹಾಕೋಕೆ ನೋಡಿದ್ರು, ಅಷ್ಟೇ."

ಅವನು ಕೆಲಹೊತ್ತು ಬ್ಯಾಂಡೇಜು ಸುತ್ತಿದ ಕೈಗಳನ್ನೇ ನೋಡಿದ. ಅರ್ಜಿಯ ಗತಿಯೇನು ಎಂದು ಕೇಳಬಹುದೆಂದು ಇನ್ಸ್‌ಪೆಕ್ಟರ್ ಕಾದಳು.

"ಬೆಳಿಗ್ಗೆ ಬರೀ ಕಾಫಿ ಕುಡಿದು ಹೋಗಿದ್ಲು ಮೇಡಂ," ಎಂದ ಅವನು. "ಊಟ ಏನಾದ್ರೂ ಮಾಡಿದ್ಲಾ?"