ಮೇಜಿನ ನಡುವಿನ ಕಾವಲುಗಾರ

“ಬಿದ್ದ! ಕಾವಲುಗಾರ ಬಿದ್ದ ಕಣೇ ತಾಜೂ! ಸುರಿ, ಬೀಜ ಎಲ್ಲಾ ಸುರಿ!” ಮಾದೇವ ಕುಣಿದಾಡಿದ.

ತಾಜುನ್ನೀಸಾ ಹಲ್ಲು ಕಚ್ಚಿಕೊಂಡು ತನ್ನ ಹುಣಸೆಬೀಜಗಳನ್ನೆಲ್ಲ ಬುಟ್ಟಿಗೆ ಸುರಿದಳು. ಅವಳು ಹೊಡೆದ ಕೆಂಪು ಚೆಂಡೇನೋ ಗುರಿ ತಪ್ಪದೆ ಮೇಜಿನ ಮೂಲೆಯ ಪಾಕೆಟ್ಟಿಗೆ ಬಿದ್ದಿತ್ತು. ಆದರೆ ಕೋಲಿನಿಂದ ತಳ್ಳಿದ ಬಿಳಿ ಚೆಂಡು ಸುಮ್ಮನೆ ನಿಲ್ಲಬೇಕಲ್ಲ! ಅಂಚಿಗೆ ಬಡಿದು ವಾಪಸ್ ಓಡಿಬಂದು, ಮೇಜಿನ ನಡುವೆ ನಿಂತಿದ್ದ ಮರದ ಗೊಂಬೆಯನ್ನು ಉರುಳಿಸಿತ್ತು.

ಆ ಗೊಂಬೆಯೇ ಕಾವಲುಗಾರ. ಚೆಂಡು ಪಾಕೆಟ್ಟಿಗೆ ಬಿದ್ದರೆ ಒಂದು ಬೀಜ. ಕಾವಲುಗಾರ ಬಿದ್ದರೆ ಅದುವರೆಗೆ ಗಳಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಬಿಲಿಯರ್ಡ್ಸ್ ಮೇಜು ಪಿರಿಯಾಪಟ್ಟಣದ ಕ್ಲಬ್ಬಿನದು. ಕಾಲಿಗೆ ಗೆದ್ದಲು ಹಿಡಿದು, ಹುಣಸೂರಿನಲ್ಲಿ ತಾಜುವಿನ ತಂದೆ ಅಬ್ದುಲ್ ಅಜೀಜರ ಮರಗೆಲಸದ ಅಂಗಳಕ್ಕೆ ಬಂದಿತ್ತು. ರಿಪೇರಿ ಮುಗಿದಿತ್ತು. ಮಹಾರಾಜರ ವರ್ಧಂತಿಯ ರಜೆಯ ದಿನ ಅದನ್ನು ಮಾದೇವನ ಅಪ್ಪ ಚಿಕ್ಕಬೀರಯ್ಯನ ಗಾಡಿಯಲ್ಲಿ ವಾಪಸ್ ಒಯ್ಯಬೇಕು.

ಹಸಿರು ಬಟ್ಟೆಯ ಕೆಳಗಿರುವುದು ಮರವಲ್ಲ, ಕಲ್ಲಿನ ಹಲಗೆಗಳು. ಬರುವಾಗಲೇ ಒಂದರ ಮೂಲೆ ಮುಕ್ಕಾಗಿತ್ತು. ಈ ಸಲ ಮೇಜು ಬಿಚ್ಚಿ, ಹುಲ್ಲು ಹಾಸಿ ಮಲಗಿಸಿದ ಕಲ್ಲುಗಳ ಪಕ್ಕ ಒಬ್ಬರು ಕೂತು, ಅಲುಗದಂತೆ ಹಿಡಿದುಕೊಳ್ಳಬೇಕು. ಅಲ್ಲಿ ಉಳಿಯುವ ಸಂದಿನಲ್ಲಿ ದೊಡ್ಡವರು ಹಿಡಿಸುವುದಿಲ್ಲ. ಮಕ್ಕಳಾದರೂ ಒಬ್ಬರೇ.

“ಮೊದಲು ಹತ್ತು ಬೀಜ ಮಾಡಿದೋರು ಗಾಡೀಲಿ ಬರ್ಲಿ,” ಎಂದಿದ್ದರು ಅಜೀಜ್. ಮೈಸೂರಿನಲ್ಲಿ ಮೇಜು ರಿಪೇರಿಗೆ ಹೋದಾಗ ಕಲಿತುಬಂದ ಆಟವಂತೆ ಅದು.

ತಾಜು ಹುಣಸೂರು ಬಿಟ್ಟು ಹೊರಗೆ ಹೋದವಳೇ ಅಲ್ಲ. ದಾರಿಯ ಕೆರೆಗಳು, ಪಿರಿಯಾಪಟ್ಟಣದ ಹಳೇ ಕೋಟೆ, ಎಲ್ಲವನ್ನೂ ಕನಸಿನಲ್ಲಿ ಆಗಲೇ ನೋಡಿಬಿಟ್ಟಿದ್ದಳು. ಹೋಗಲೇಬೇಕು ಎಂದು ಅವಳಿಗೆ ತಡೆಯಲಾರದ ಆಸೆ.

“ಇದೆಂಥಾ ಆಟ ಅಬ್ಬಾ? ಗುರಿ ಸರಿಯಾಗಿದ್ರೂ ಸೋಲೋದಾ?” ಎಂದು ತಂದೆಯನ್ನು ಕೇಳಿದಳು.

ಅಜೀಜ್ ಉಳಿ ಮಸೆಯುತ್ತಲೇ ಹೇಳಿದರು. “ಕೆಂಪು ಚೆಂಡಿನ ಹಿಂದೇನೇ ಓಡ್ತಾವೆ ನಿನ್ ಕಣ್ಣು. ಬಿಳೀದು ಎಲ್ಲಿಗೆ ಹೋಯ್ತದೆ ಅಂತ ನೋಡಿದ್ದೀಯಾ ಬೇಟಿ?”

ತಾಜು ನೋಡಿರಲಿಲ್ಲ.

ಮಾರನೇ ದಿನ ಸ್ಕೂಲ್ ಬಿಟ್ಟೊಡನೆ ಬಂದು ಒಬ್ಬಳೇ ಆಡಿದಳು. ಜೋರಾಗಿ ಹೊಡೆದಳು. ಬಿಳಿ ಚೆಂಡು ಊರೆಲ್ಲ ಸುತ್ತಿ ಬಂತು. ಮೆತ್ತಗೆ ಹೊಡೆದಳು. ಅದು ಕೆಂಪು ಚೆಂಡಿನ ಹತ್ತಿರಕ್ಕೇ ಹೋಗಲಿಲ್ಲ. ಮತ್ತೆ ಹೊಡೆದಳು. ಕೊನೆಗೆ ಕೈಗೆ ಅದರ ಹದ ಸಿಕ್ಕಿತು, ತೊಡೆಯ ಮೇಲೆ ನಿದ್ದೆ ಹೋದ ತಮ್ಮನನ್ನು ಚಾಪೆಗೆ ಇಳಿಸುವಾಗಿನ ಹದ.

ರಜೆಯ ಹಿಂದಿನ ಸಂಜೆ ಇಬ್ಬರ ಹತ್ತಿರವೂ ಒಂಬತ್ತೊಂಬತ್ತು ಬೀಜ. ಸರದಿ ತಾಜುವಿನದು. ಕೆಂಪು ಚೆಂಡು ಪಾಕೆಟ್ಟಿನ ಬಾಯಲ್ಲೇ ಇತ್ತು, ಆದರೆ ಬಿಳಿ ಚೆಂಡು ವಾಪಸ್ ಬರುವ ದಾರಿಗೆ ಕಾವಲುಗಾರ ಅಡ್ಡ.

“ಹೊಡಿ ಮತ್ತೆ! ಬೀಳ್ಸಿ ಸೊನ್ನೆ ಆಗು!” ಎಂದ ಮಾದೇವ.

“ಸುಮ್ಕಿರ್ಲಾ!”

ತಾಜು ಕೋಲು ಹಿಡಿದು ಬಗ್ಗಿದಳು. ಅವಳು ಕೆಂಪು ಚೆಂಡನ್ನು ಬಿಟ್ಟು, ಬಿಳಿಯದು ಓಡಬೇಕಾದ ದಾರಿಯನ್ನು ಕಣ್ಣಲ್ಲೇ ನಡೆದು ನೋಡಿದಳು. ಕೋಲು ತಾಗಿಸಿದಳು. ಕೆಂಪು ಚೆಂಡು ಒಳಗೆ ಬಿತ್ತು. ಬಿಳಿ ಚೆಂಡು ಉರುಳುತ್ತಾ ಬಂದು, ಕಾವಲುಗಾರನ ಪಾದಕ್ಕೆ ಸೋಕುವಷ್ಟರಲ್ಲಿ ನಿಂತುಬಿಟ್ಟಿತು.

ಮಾದೇವ ತಲೆ ಕೆರೆದುಕೊಂಡ. “ಬುಡು, ಗೆದ್ದೆ ಕಣೇ. ಬಂದು ಎಲ್ಲಾ ಯೋಳು ನಂಗೆ. ಕೋಟೆ ಎಷ್ಟೆತ್ರ ಐತೆ ನೋಡ್ಕೊಂಡ್ ಬಾ.”

ಬೆಳ್ಳಂಬೆಳಗ್ಗೆ ಗಾಡಿ ಹೊರಟಿತು. ಅಜೀಜ್ ಗಾಡಿಗೆ ಕಟ್ಟಿದ ಮರದ ಚೌಕಟ್ಟು ಹಿಡಿದು ಹಿಂದೆ ನಡೆದರು. ತಾಜು ಸಂದಿನಲ್ಲಿ ಕೂತು, ಎರಡೂ ಅಂಗೈಗಳನ್ನು ಕಲ್ಲಿನ ಮೇಲಿಟ್ಟಳು.

ಮೊದಲ ಗುಂಡಿಗೇ ಕಲ್ಲು ಗಡಗಡ ಎಂದಿತು. ತಾಜು ಅಂಗೈ ಇನ್ನಷ್ಟು ಒತ್ತಿ ಹಿಡಿದಳು. ಆಮೇಲೆ ಅವಳು ರಸ್ತೆಯಿಂದ ಕಣ್ಣು ಕೀಳಲಿಲ್ಲ.

“ಚಿಕ್ಕಬೀರಯ್ಯ ಮಾಮ, ಮುಂದೆ ಗುಂಡಿ ಐತೆ! ಒಸಿ ಎಡಕ್ಕೆ!”

“ಆಯ್ತು ಕಣವ್ವಾ.”

“ಇಳಿಜಾರು ಬಂತು! ನಿಧಾನ!”

ಚಿಕ್ಕಬೀರಯ್ಯ ನಕ್ಕ. “ಗಾಡಿ ನಂದೋ ನಿಂದೋ?” ಆದರೂ ಅವಳು ಹೇಳಿದ ಕಡೆಗೇ ಎತ್ತು ತಿರುಗಿಸಿದ.

ಬಿಸಿಲು ನೆತ್ತಿಗೇರಿತು. ಒಂದು ಕಡೆ ಗಾಡಿ ನಿಂತಿತು.

“ಯಾಕೆ ನಿಲ್ಸಿದ್ರಿ ಮಾಮ? ಗುಂಡಿ ಇಲ್ವಲ್ಲ?”

“ಪಿರಿಯಾಪಟ್ಣ ಬಂತು ಕಣವ್ವಾ. ಇದೇ ಕ್ಲಬ್ಬು.”

ತಾಜು ತಲೆಯೆತ್ತಿದಳು. “ಅಯ್ಯೋ! ಕೆರೆ ಯಾವಾಗ ದಾಟಿದ್ವಿ? ಕೋಟೆ ಎಲ್ಲಿ?”

ಅಜೀಜ್ ಹುಲ್ಲು ಸರಿಸಿ, ಒಂದೊಂದೇ ಕಲ್ಲಿನ ಅಂಚನ್ನು ಬೆರಳಿನಿಂದ ಸವರಿದರು. ಎಲ್ಲೂ ಹೊಸ ಬಿರುಕಿಲ್ಲ, ಹೊಸ ಮುಕ್ಕಿಲ್ಲ. ಅವರ ಮುಖ ಅರಳಿತು.

“ಇನ್ನು ಕೈ ತೆಗಿ ಬೇಟಿ,” ಎಂದರು.

ತಾಜು ನೋಡಿಕೊಂಡಳು. ಗಾಡಿ ನಿಂತು ಅಷ್ಟು ಹೊತ್ತಾಗಿದ್ದರೂ ಅವಳ ಎರಡೂ ಕೈ ಕಲ್ಲಿನ ಮೇಲೇ ಇದ್ದವು. ಕೋಟೆಯ ಹಿಂದೆ ಓಡದೆ ಕಲ್ಲನ್ನು ಕಾಯುವ ಕಣ್ಣು ಬೇಕೆಂದೇ ಅಬ್ಬಾ ಆ ಆಟ ಆಡಿಸಿದ್ದು ಎಂದು ಈಗ ಹೊಳೆಯಿತು. ಅವಳಿಗೆ ನಗು ಬಂತು.

ಕೋಟೆ ಎಲ್ಲಿಗೂ ಓಡಿಹೋಗುವುದಿಲ್ಲ. ವಾಪಸ್ ಹೋಗುವಾಗ ಗಾಡಿ ಖಾಲಿ, ಆಗ ಕಣ್ತುಂಬ ನೋಡಬಹುದು. ತಾಜು ನಿಧಾನವಾಗಿ, ಮೊದಲು ಒಂದು ಕೈ, ಆಮೇಲೆ ಇನ್ನೊಂದು ಕೈ ತೆಗೆದಳು.